25 ಮಿ.ಮೀ. ಉಕ್ಕಿನ ಮೇಲೆ ನರ್ಲಿಂಗ್ ಚೊಕ್ಕ, 16 ಮಿ.ಮೀ. ಹಿತ್ತಾಳೆಯ ಮೇಲೆ ಜೋಡುಗೆರೆ: ಕಾರಣವೇನು?

ಹಾನಗಲ್ ಭೌತಶಾಸ್ತ್ರ ಉಪನ್ಯಾಸಕ

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನಮ್ಮ ಪ್ರಯೋಗಾಲಯದ ಟ್ರಾವೆಲಿಂಗ್ ಮೈಕ್ರೋಸ್ಕೋಪಿನ ಬುಡದಲ್ಲಿರುವ, ಮಟ್ಟ ಸರಿಪಡಿಸುವ ಮೂರು ತಿರುಪುಗಳು ಸವೆದು ಹೋಗಿವೆ. ಅವುಗಳ ತಲೆಯ ಮೇಲಿನ ಹಿಡಿತದ ಗೆರೆಗಳು ನುಣುಪಾಗಿ, ವಿದ್ಯಾರ್ಥಿಗಳ ಬೆವರಿದ ಬೆರಳುಗಳಲ್ಲಿ ಜಾರುತ್ತವೆ. ಹೊಸ ತಿರುಪುಗಳನ್ನು ನಾನೇ ಮಾಡಿಕೊಡಬೇಕೆಂದು ಮನೆಯ ಹಿಂದಿನ ಕೋಣೆಯಲ್ಲಿರುವ ಚಿಕ್ಕ ಲೇತ್ (ಲೋಹದ ಸರಳನ್ನು ತಿರುಗಿಸುತ್ತ ಆಕಾರ ಕೊಡುವ ಯಂತ್ರ) ಮೇಲೆ ಕೆಲಸ ಆರಂಭಿಸಿದೆ. ಬೆಡ್ ಮೇಲೆ 180 ಮಿ.ಮೀ. ವ್ಯಾಸದವರೆಗಿನ ಜಾಬ್ (ಕೆಲಸಕ್ಕೆ ಹಿಡಿದ ತುಂಡು) ತಿರುಗಿಸಬಲ್ಲ ಹವ್ಯಾಸಿ ಯಂತ್ರವದು, ಡಿ.ಸಿ. ಮೋಟರ್, ಎರಡು ಗೇರ್.

ಕಳೆದ ತಿಂಗಳು ಇದೇ ಯಂತ್ರದಲ್ಲಿ, ಹಲ್ಲಿನ ಚಕ್ರಗಳನ್ನು ಒತ್ತಿ ಹಿಡಿತದ ಗೆರೆ ಮೂಡಿಸುವ ಇದೇ ಎರಡು ಚಕ್ರದ ನರ್ಲಿಂಗ್ ಟೂಲಿನಿಂದ, 25 ಮಿ.ಮೀ. ಎಂ.ಎಸ್. (ಮೃದು ಉಕ್ಕು) ಸರಳಿನ ಮೇಲೆ ಟ್ಯಾಪ್ (ರಂಧ್ರದೊಳಗೆ ತಿರುಪಿನ ಸುರುಳಿ ಕೊರೆಯುವ ಉಪಕರಣ) ಹಿಡಿಕೆಯೊಂದನ್ನು ಮಾಡಿದ್ದೆ. ವಜ್ರಾಕಾರದ ಮನೆಗಳು ಒಂದೇ ಸಮನಾಗಿ, ಎಣಿಸಿಟ್ಟಂತೆ ಮೂಡಿದವು. ಈಗ 16 ಮಿ.ಮೀ. ಹಿತ್ತಾಳೆಯ ಮೇಲೆ ಮೂರು ಸಲ ಪ್ರಯತ್ನಿಸಿದೆ, ಮೂರು ಸಲವೂ ಕೆಟ್ಟಿತು. ವಜ್ರಾಕಾರ ಮೂಡುವ ಬದಲು ಸಣ್ಣ, ಆಳವಿಲ್ಲದ, ಒಂದರ ಮೇಲೊಂದು ಬಿದ್ದ ಗೆರೆಗಳು ಕಾಣುತ್ತವೆ, ಮತ್ತೆ ಒತ್ತಿದರೆ ಲೋಹ ಸಿಪ್ಪೆಯಂತೆ ಏಳುತ್ತದೆ. ಹಿತ್ತಾಳೆ ಉಕ್ಕಿಗಿಂತ ಮೃದುವಾದುದರಿಂದ ಸುಲಭವಾಗಿ ಆಗಬೇಕೆಂದು ನಾನು ಎಣಿಸಿದ್ದೆ. ತಪ್ಪು ಎಲ್ಲಿದೆ ಎಂದು ಬಲ್ಲವರು ತಿಳಿಸಿಕೊಡಬೇಕು.

ಗೋಕುಲ ರಸ್ತೆ ಟರ್ನರ್, ಹುಬ್ಬಳ್ಳಿ

ಮಾಸ್ತರರೇ, ನಮಸ್ಕಾರ. ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ವಾಲ್ವ್‌ಗಳ ಬಿಡಿಭಾಗ ಮಾಡುವ ಶೆಡ್ಡುಗಳಲ್ಲಿ ನಾನು ಬಹಳ ವರ್ಷ ಲೇತ್ ಮುಂದೆ ನಿಂತವನು. ನೀವು ಬರೆದದ್ದನ್ನು ಓದಿದರೆ ಮೊದಲ ಒತ್ತಡ ಸಾಲಲಿಲ್ಲ ಎಂದೇ ಅನ್ನಿಸುತ್ತದೆ. ಹೊಸಬರು ಟೂಲನ್ನು ಜಾಬಿಗೆ ಮೆಲ್ಲಗೆ ತಾಗಿಸಿ, ಗೆರೆ ಬೀಳುತ್ತದೆಯೇ ಎಂದು ನೋಡಿ, ಆಮೇಲೆ ಒತ್ತುತ್ತಾರೆ. ಅಷ್ಟರಲ್ಲಿ ಜಾಬ್ ಹತ್ತು ಸುತ್ತು ತಿರುಗಿರುತ್ತದೆ, ಹತ್ತು ಸುತ್ತಿನ ಗುರುತುಗಳು ಒಂದರ ಮೇಲೊಂದು ಬಿದ್ದಿರುತ್ತವೆ. ನರ್ಲಿಂಗಿನಲ್ಲಿ ಮೊದಲನೆಯ ಸುತ್ತೇ ಮುಖ್ಯ. ಆ ಸುತ್ತಿನಲ್ಲಿ ಬಿದ್ದ ಗುಳಿ ಸಾಕಷ್ಟು ಆಳವಾಗಿದ್ದರೆ, ಎರಡನೆಯ ಸುತ್ತಿನಲ್ಲಿ ಚಕ್ರದ ಹಲ್ಲು ತಾನಾಗಿಯೇ ಆ ಗುಳಿಗೆ ಇಳಿಯುತ್ತದೆ.

ಚಕ್ರದ ಪೂರ್ತಿ ಅಗಲವನ್ನು ಒಮ್ಮೆಗೇ ಕೂಡ್ರಿಸಬೇಡಿ. ಜಾಬಿನ ತುದಿಯಲ್ಲಿ ಚಕ್ರದ ಅರ್ಧ ಅಗಲ, ಸಾಧ್ಯವಾದರೆ ಮೂರನೆಯ ಒಂದು ಭಾಗ ಮಾತ್ರ ತಾಗುವಂತೆ ನಿಲ್ಲಿಸಿ ಒತ್ತಿದರೆ ಅಷ್ಟೇ ಬಲಕ್ಕೆ ಹೆಚ್ಚು ಆಳ ಸಿಗುತ್ತದೆ. ಟೂಲನ್ನು ಒಂದೆರಡು ಡಿಗ್ರಿ ಓರೆ ಮಾಡಿ, ಫೀಡ್ (ಜಾಬಿನ ಉದ್ದಕ್ಕೂ ಟೂಲಿನ ಚಲನೆ) ಹೋಗುವ ದಿಕ್ಕಿನ ಅಂಚು ಮೊದಲು ತಾಗುವಂತೆ ಇಟ್ಟರೂ ಇದೇ ಲಾಭ. ತುದಿಗೆ 45 ಡಿಗ್ರಿಯ ಚೇಂಫರ್ (ಅಂಚಿನ ಓರೆ ಕಟ್) ಮೊದಲೇ ಹಾಕಿಕೊಳ್ಳಿ, ಇಲ್ಲವಾದರೆ ಅಂಚಿನ ಲೋಹ ಹೊರಕ್ಕೆ ಉಬ್ಬಿ ಚಿಪ್ಪು ಏಳುತ್ತದೆ. ನಿಮ್ಮ ಯಂತ್ರ ಎಷ್ಟು ವೇಗದಲ್ಲಿತ್ತು ಎಂದು ತಿಳಿಸಿ.

ಬೆಟಗೇರಿ ಹವ್ಯಾಸಿ, ಗದಗ

ಟರ್ನರ್ ಅವರ ಮಾತು ಸರಿ. ಆದರೆ ಅವರು ನಿಂತದ್ದು ಟನ್ನುಗಟ್ಟಲೆ ತೂಕದ ಲೇತ್ ಮುಂದೆ ಎಂಬುದನ್ನೂ ನೆನಪಿನಲ್ಲಿಡಬೇಕು. ನಮ್ಮ ಮೇಜಿನ ಮೇಲಿನ ಯಂತ್ರಗಳಿಗೆ ಆ ಬಲ ತಡೆಯುವ ಮೈಕಟ್ಟು ಇಲ್ಲ. ಒಂದೇ ಬದಿಯಿಂದ ಒತ್ತುವ ಟೂಲಿನಲ್ಲಿ ಒತ್ತಡವೆಲ್ಲ ಜಾಬಿನ ಮೂಲಕ ಅದನ್ನು ತಿರುಗಿಸುವ ಸ್ಪಿಂಡಲ್ ಬೇರಿಂಗಿಗೂ, ಈ ಕಡೆ ಟೂಲನ್ನು ಜಾಬಿನತ್ತ ದೂಡುವ ಕ್ರಾಸ್ ಸ್ಲೈಡಿನ ಸ್ಕ್ರೂವಿಗೂ ಹೋಗುತ್ತದೆ. ಜಾಬ್ ಬಾಗುತ್ತದೆ, ಟೂಲ್ ಪೋಸ್ಟ್ ಹಿಂದಕ್ಕೆ ಸರಿಯುತ್ತದೆ, ಡಯಲ್ ಮೇಲೆ 0.3 ಮಿ.ಮೀ. ಒತ್ತಿದರೂ ಹಲ್ಲು ಇಳಿಯುವುದು ಅದರ ಅರ್ಧವೂ ಇರುವುದಿಲ್ಲ. ಸರಳು ಅದನ್ನು ಹಿಡಿಯುವ ಚಕ್‌ನಿಂದ ಎಷ್ಟು ಹೊರಗಿತ್ತು? ಇನ್ನೊಂದು ತುದಿಗೆ ರಿವಾಲ್ವಿಂಗ್ ಸೆಂಟರಿನ (ಜಾಬಿನೊಂದಿಗೆ ತಿರುಗುವ ಮೊನೆ) ಆಸರೆ ಕೊಟ್ಟಿದ್ದಿರಾ?

ನಾನು ಎರಡು ವರ್ಷದ ಹಿಂದೆ ಕತ್ತರಿ ಮಾದರಿಯ ನರ್ಲಿಂಗ್ ಟೂಲಿಗೆ ಬದಲಾಯಿಸಿದೆ. ಅದರಲ್ಲಿ ಒಂದು ಚಕ್ರ ಜಾಬಿನ ಮೇಲೆ, ಇನ್ನೊಂದು ಕೆಳಗೆ ಕೂಡುತ್ತದೆ. ನಟ್ ಬಿಗಿದಂತೆ ಎರಡೂ ಸೇರಿ ಜಾಬನ್ನು ಹಿಸುಕುತ್ತವೆ. ಎರಡೂ ಕಡೆಯ ಒತ್ತಡ ಒಂದನ್ನೊಂದು ಸರಿದೂಗಿಸುವುದರಿಂದ ಬೇರಿಂಗಿನ ಮೇಲೆ ಭಾರ ಬೀಳುವುದಿಲ್ಲ. ಚಿಕ್ಕ ಲೇತ್ ಇರುವ ಯಾರಿಗೇ ಆಗಲಿ ನಾನು ಹೇಳುವ ಮೊದಲ ಸಲಹೆ ಇದೇ.

ಧಾರವಾಡ ಡಿಪ್ಲೊಮಾ ವಿದ್ಯಾರ್ಥಿನಿ

ಸರ್, ನಿಮ್ಮ ಪ್ರಶ್ನೆಯಲ್ಲಿ ಒಂದು ವಿಷಯ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಅದೇ ಯಂತ್ರ, ಅದೇ ಟೂಲ್, ಅದೇ ಕೈ ಗಟ್ಟಿಯಾದ ಉಕ್ಕಿನ ಮೇಲೆ ಗೆದ್ದು ಮೃದುವಾದ ಹಿತ್ತಾಳೆಯ ಮೇಲೆ ಸೋತಿದೆ ಎಂದರೆ, ಒತ್ತಡದ ಕೊರತೆಯೊಂದೇ ಕಾರಣವಾಗಿರಲಾರದು. ಬದಲಾದದ್ದು ಎರಡು: ಲೋಹ ಮತ್ತು ವ್ಯಾಸ. ನನಗೆ ವ್ಯಾಸದ ಮೇಲೆ ಸಂಶಯ.

ದಯವಿಟ್ಟು ಮೂರು ಅಳತೆಗಳನ್ನು ಕೊಡಿ. ನರ್ಲಿಂಗ್ ಚಕ್ರದ ಹಲ್ಲುಗಳ ತುದಿಯಿಂದ ತುದಿಗೆ ವ್ಯಾಸವನ್ನು ಮೈಕ್ರೋಮೀಟರಿನಲ್ಲಿ ಅಳೆಯಿರಿ. ಚಕ್ರದ ಹಲ್ಲುಗಳನ್ನು ಎಣಿಸಿ. ಒಂದು ಹಲ್ಲಿಗೆ ಬಣ್ಣ ಹಚ್ಚಿಕೊಂಡರೆ ಎಣಿಕೆ ತಪ್ಪುವುದಿಲ್ಲ. ಮೂರನೆಯದು, ಕೆಟ್ಟುಹೋದ ಹಿತ್ತಾಳೆಯ ತುಂಡಿನ ಸುತ್ತ ತೆಳು ಕಾಗದ ಸುತ್ತಿ, ಮೇಲೆ ಪೆನ್ಸಿಲ್ಲಿನ ಮೊನೆಯನ್ನು ಅಡ್ಡ ಹಿಡಿದು ಉಜ್ಜಿ. ಕಾಗದದ ಮೇಲೆ ಅಚ್ಚು ಮೂಡುತ್ತದೆ. ಒಂದೇ ಓರೆಯ ಗೆರೆಗಳನ್ನು ಮಾತ್ರ ಹಿಡಿದು, ಒಂದು ಪೂರ್ತಿ ಸುತ್ತಿನಲ್ಲಿ ಎಷ್ಟಿವೆ ಎಂದು ಎಣಿಸಿ.

ಹಾನಗಲ್ ಭೌತಶಾಸ್ತ್ರ ಉಪನ್ಯಾಸಕ

ಎಲ್ಲರಿಗೂ ಧನ್ಯವಾದ. ವೇಗ ನಿಮಿಷಕ್ಕೆ ಸುಮಾರು 300 ಸುತ್ತು ಇತ್ತು. ಸರಳು ಚಕ್‌ನಿಂದ 60 ಮಿ.ಮೀ. ಹೊರಗಿತ್ತು, ಸೆಂಟರಿನ ಆಸರೆ ಇರಲಿಲ್ಲ. ಟ್ಯಾಪ್ ಹಿಡಿಕೆ ಮಾಡುವಾಗ ಆಸರೆ ಕೊಟ್ಟಿದ್ದೆ, ಅದನ್ನು ಒಪ್ಪಿಕೊಳ್ಳುತ್ತೇನೆ.

ವಿದ್ಯಾರ್ಥಿನಿಯವರು ಕೇಳಿದ ಅಳತೆಗಳು ಹೀಗಿವೆ. ಎರಡೂ ಚಕ್ರಗಳ ವ್ಯಾಸ 19.86 ಮಿ.ಮೀ., ಹಲ್ಲುಗಳು 54. ಕಾಗದದ ಅಚ್ಚಿನಲ್ಲಿ ಎರಡು ಸಲ ಎಣಿಸಿದೆ, ಎರಡು ಸಲವೂ 87 ಗೆರೆಗಳು ಬಂದವು. ಚಕ್ರಕ್ಕಿಂತ ಚಿಕ್ಕದಾದ ಸರಳಿನ ಮೇಲೆ ಚಕ್ರದ ಹಲ್ಲುಗಳಿಗಿಂತ ಹೆಚ್ಚು ಗೆರೆಗಳು ಹೇಗೆ ಬಂದವು?

ಧಾರವಾಡ ಡಿಪ್ಲೊಮಾ ವಿದ್ಯಾರ್ಥಿನಿ

ಸರ್, ಆ 87ರಲ್ಲಿಯೇ ಉತ್ತರವಿದೆ. ಚಕ್ರದ ವ್ಯಾಸವನ್ನು ಹಲ್ಲುಗಳ ಸಂಖ್ಯೆಯಿಂದ ಭಾಗಿಸಿ: 19.86ನ್ನು 54ರಿಂದ ಭಾಗಿಸಿದರೆ 0.3678 ಮಿ.ಮೀ. ಬರುತ್ತದೆ. ಒಂದು ಹಲ್ಲಿನ ಪಾಲಿಗೆ ಬರುವ ವ್ಯಾಸ ಇದು. ಪರಿಧಿಯ ಲೆಕ್ಕದಲ್ಲಿ ಚಕ್ರಕ್ಕೂ ಜಾಬಿಗೂ ಪೈ ಬರುವುದರಿಂದ ಅದು ಎರಡೂ ಕಡೆ ಹೊಡೆದುಹೋಗುತ್ತದೆ, ವ್ಯಾಸಗಳನ್ನು ಮಾತ್ರ ಹೋಲಿಸಿದರೆ ಸಾಕು. ಹಲ್ಲು ಓರೆಯಾಗಿದ್ದರೂ ಚಿಂತೆಯಿಲ್ಲ, ಏಕೆಂದರೆ ನಾವು ಎಣಿಸಿದ್ದೇ ಸುತ್ತಿನ ದಿಕ್ಕಿನಲ್ಲಿ.

ಈಗ ನಿಮ್ಮ 25 ಮಿ.ಮೀ. ಸರಳನ್ನು 0.3678ರಿಂದ ಭಾಗಿಸಿ. 67.98 ಬರುತ್ತದೆ, ಅಂದರೆ ಹೆಚ್ಚುಕಡಿಮೆ ಪೂರ್ತಿ 68. ಸರಳು ಒಂದು ಸುತ್ತು ಮುಗಿಸಿ ಬಂದಾಗ ಚಕ್ರದ ಹಲ್ಲು ಮೊದಲು ಬಿದ್ದ ಗುಳಿಯ ಮೇಲೆಯೇ ಬಂದು ನಿಂತಿತು. ನೀವು ಮೆಲ್ಲಗೆ ಒತ್ತಿದ್ದರೂ ಅಲ್ಲಿ ಚೊಕ್ಕ ನರ್ಲಿಂಗ್ ಬರುತ್ತಿತ್ತು. 16 ಮಿ.ಮೀ. ಅನ್ನು ಭಾಗಿಸಿದರೆ ಬರುವುದು 43.50. ಇದಕ್ಕಿಂತ ಕೆಟ್ಟ ಸಂಖ್ಯೆ ಹುಡುಕಿದರೂ ಸಿಗುವುದಿಲ್ಲ. ಮೊದಲ ಸುತ್ತು ಮುಗಿದಾಗ ಹಲ್ಲು ಎರಡು ಗುಳಿಗಳ ನಡುವಿನ ದಿಬ್ಬದ ನೆತ್ತಿಗೆ ಬಂತು, ಎರಡನೆಯ ಸುತ್ತಿನಲ್ಲಿ ಆ ದಿಬ್ಬಗಳನ್ನೆಲ್ಲ ನಡುವೆ ಸೀಳಿತು, ಮೂರನೆಯ ಸುತ್ತಿಗೆ ಮತ್ತೆ ಮೊದಲ ಗುಳಿಗೆ ಮರಳಿತು. ಎರಡು ಸುತ್ತಿಗೆ ಸೇರಿ 87 ಗೆರೆಗಳು. ನೀವು ಎಣಿಸಿದ್ದೂ ಅಷ್ಟೇ.

ಆದ್ದರಿಂದ ವ್ಯಾಸವನ್ನು 43ರ ಲೆಕ್ಕಕ್ಕೆ, ಅಂದರೆ 15.81 ಮಿ.ಮೀ.ಗೆ ಇಳಿಸಿಕೊಂಡು ಪ್ರಯತ್ನಿಸಿ ನೋಡಿ. 0.19 ಮಿ.ಮೀ. ತೆಗೆಯುವುದು ಒಂದು ಹಗುರವಾದ ಕಟ್ ಮಾತ್ರ.

ಗೋಕುಲ ರಸ್ತೆ ಟರ್ನರ್, ಹುಬ್ಬಳ್ಳಿ

ತಂಗಿ, ಲೆಕ್ಕ ಬಹಳ ಚೆನ್ನಾಗಿ ಬಿಡಿಸಿದ್ದೀರಿ, 87 ಎಂಬುದನ್ನು ಓದಿ ನಾನೂ ಬೆರಗಾದೆ. ಆದರೂ ಒಂದು ಮಾತು ಹೇಳಲೇಬೇಕು. ನಮ್ಮ ಶೆಡ್ಡಿನಲ್ಲಿ ದಿನಕ್ಕೆ ನೂರಾರು ತುಂಡುಗಳಿಗೆ ನರ್ಲಿಂಗ್ ಮಾಡಿದ್ದೇವೆ, ಒಂದು ದಿನವೂ ಯಾರೂ ಈ ಭಾಗಾಕಾರ ಮಾಡಲಿಲ್ಲ. 16 ಮಿ.ಮೀ. ಸರಳಿಗೂ ಮಾಡಿದ್ದೇವೆ, 12ಕ್ಕೂ ಮಾಡಿದ್ದೇವೆ, ಜೋಡುಗೆರೆ ಬಿದ್ದದ್ದು ಅಪರೂಪ. ಚಕ್ರ ತನ್ನ ಪಿನ್ನಿನ ಮೇಲೆ ಸ್ವತಂತ್ರವಾಗಿ ತಿರುಗುತ್ತದೆ, ಜಾಬಿಗೆ ಗೇರ್ ಹಾಕಿ ಕಟ್ಟಿದ್ದಲ್ಲ. ಹಲ್ಲು ಲೋಹಕ್ಕೆ ಇಳಿದಂತೆ ಅದು ಉರುಳುವ ವ್ಯಾಸವೂ ಕಡಿಮೆಯಾಗುತ್ತ ಹೋಗುತ್ತದೆ. ಹಾಗಿರುವಾಗ ಹೊರಮೈಯ ವ್ಯಾಸವನ್ನು ಎರಡು ದಶಾಂಶಕ್ಕೆ ಹಿಡಿದು ಏನು ಪ್ರಯೋಜನ? ಗಟ್ಟಿಯಾಗಿ ಒತ್ತಿದರೆ ಹಲ್ಲು ತನ್ನ ಜಾಗ ತಾನೇ ಹುಡುಕಿಕೊಳ್ಳುತ್ತದೆ.

ಧಾರವಾಡ ಡಿಪ್ಲೊಮಾ ವಿದ್ಯಾರ್ಥಿನಿ

ನೀವು ಹೇಳುವುದನ್ನು ನಾನು ಅಲ್ಲಗಳೆಯುವುದಿಲ್ಲ, ಅಣ್ಣಾ. 43.5 ಇರುವುದನ್ನು 43ಕ್ಕೋ 44ಕ್ಕೋ ಎಳೆದು ತರಬೇಕಾದರೆ ಚಕ್ರ ಒಂದು ಸುತ್ತಿನಲ್ಲಿ ಶೇಕಡಾ 1ಕ್ಕಿಂತ ಸ್ವಲ್ಪ ಹೆಚ್ಚು ಹೊಂದಿಕೊಂಡರೆ ಸಾಕು. ಮೊದಲ ಗುಳಿ ಆಳವಾಗಿದ್ದರೆ ಅದರ ಇಳಿಜಾರು ಹಲ್ಲನ್ನು ತನ್ನೊಳಕ್ಕೆ ಜಾರಿಸಿಕೊಳ್ಳುತ್ತದೆ. ನಿಮ್ಮ ದೊಡ್ಡ ಲೇತ್ ಆ ಆಳವನ್ನು ಮೊದಲ ಸುತ್ತಿನಲ್ಲಿಯೇ ಕೊಡುತ್ತಿತ್ತು, ಆದ್ದರಿಂದ ವ್ಯಾಸ ಎಷ್ಟಿದ್ದರೂ ನಡೆಯಿತು. ಸರ್ ಅವರ ಯಂತ್ರ ಅಷ್ಟು ಆಳ ಕೊಡಲಾರದು. ಅಲ್ಲಿ ಮೊದಲೆರಡು ಸುತ್ತುಗಳಲ್ಲಿ ಹಲ್ಲು ಹೊರಮೈಯ ಮೇಲೆಯೇ ಉರುಳುತ್ತದೆ, ಆಗ ಹೊರಮೈಯ ವ್ಯಾಸವೇ ಎಲ್ಲವನ್ನೂ ನಿರ್ಧರಿಸುತ್ತದೆ. ಬಲ ಕಡಿಮೆ ಇರುವ ಯಂತ್ರಕ್ಕೆ ಲೆಕ್ಕವೇ ಆಸರೆ ಎಂದು ನಾನು ತಿಳಿದಿದ್ದೇನೆ.

ರಾಣೆಬೆನ್ನೂರು ಫಿಟ್ಟರ್

ಚರ್ಚೆ ಒಳ್ಳೆಯ ದಾರಿಯಲ್ಲಿದೆ. ಒಂದು ವಿಷಯ ಯಾರೂ ಎತ್ತಲಿಲ್ಲವಾದ್ದರಿಂದ ಸೇರಿಸುತ್ತೇನೆ. ಒತ್ತಿ ಮಾಡುವ ನರ್ಲಿಂಗಿನಲ್ಲಿ ಲೋಹ ಕತ್ತರಿಸಿ ಹೋಗುವುದಿಲ್ಲ. ಗುಳಿಯಿಂದ ಹೊರಟ ಲೋಹ ಪಕ್ಕದಲ್ಲಿ ದಿಬ್ಬವಾಗಿ ಏಳುತ್ತದೆ, ಆದ್ದರಿಂದ ಜಾಬಿನ ವ್ಯಾಸ ಬೆಳೆಯುತ್ತದೆ. ಜರ್ಮನ್ ಮಾನಕ ಡಿಐಎನ್ 82ರಲ್ಲಿ ಇದಕ್ಕೆ ಲೆಕ್ಕ ಕೊಟ್ಟಿದ್ದಾರೆ. ನೇರ ಗೆರೆಯ ನರ್ಲಿಂಗಿಗೆ, ಕೊನೆಗೆ ಬೇಕಾದ ವ್ಯಾಸದಿಂದ ಪಿಚ್ಚಿನ (ಪಕ್ಕಪಕ್ಕದ ಎರಡು ಗೆರೆಗಳ ನಡುವೆ ಲಂಬವಾಗಿ ಅಳೆದ ಅಂತರ) 0.5ರಷ್ಟನ್ನು, ಮೊನೆಗಳು ಮೇಲೆದ್ದಿರುವ ವಜ್ರಾಕಾರದ ನರ್ಲಿಂಗಿಗೆ 0.67ರಷ್ಟನ್ನು ಮೊದಲೇ ಕಳೆದು ತಿರುಗಿಸಿಕೊಳ್ಳಬೇಕು. ಮಾಸ್ತರರ ಚಕ್ರ 1 ಮಿ.ಮೀ. ಪಿಚ್ಚಿನದು ಎಂದು ಅಳತೆಗಳಿಂದ ತಿಳಿಯುತ್ತದೆ. 15.81ರಿಂದ ಹೊರಟರೆ ಪೂರ್ತಿ ಆಳಕ್ಕೆ ಅದು 16.4 ದಾಟಬಹುದು. ಹಳೆಯ ತಿರುಪಿನ ತಲೆ 16 ಇದ್ದು, ಅದು ಕೂಡುವ ಜಾಗ ಇಕ್ಕಟ್ಟಾಗಿದ್ದರೆ ಇನ್ನೊಂದು ಹಲ್ಲು ಕಡಿಮೆ ಮಾಡಿ 42ರ ಲೆಕ್ಕ ಹಿಡಿಯಿರಿ: 15.45 ಮಿ.ಮೀ.

ಇನ್ನೂ ಒಂದು. ತಿರುಪಿನ ಮರೆಯನ್ನು (ಸುರುಳಿ ಗೆರೆ, ಥ್ರೆಡ್) ಮೊದಲು ಹಾಕಿ ಆಮೇಲೆ ತಲೆಗೆ ನರ್ಲಿಂಗ್ ಮಾಡಲು ಹೋಗಬೇಡಿ. ನರ್ಲಿಂಗಿನ ಒತ್ತಡಕ್ಕೆ ಸಣ್ಣ ದಂಡ ಬಾಗುತ್ತದೆ. ಸರಳು ದಪ್ಪವಿರುವಾಗಲೇ ನರ್ಲಿಂಗ್ ಮುಗಿಸಿ, ನಂತರ ದಂಡ ತಿರುಗಿಸಿ, ಕೊನೆಗೆ ಮರೆ ಹಾಕಿ ಕತ್ತರಿಸಿ.

ಹಾನಗಲ್ ಭೌತಶಾಸ್ತ್ರ ಉಪನ್ಯಾಸಕ

ಪ್ರಯೋಗಾಲಯದಲ್ಲಿ ಮಕ್ಕಳಿಗೆ ಒಂದು ಸಲಕ್ಕೆ ಒಂದೇ ಅಂಶ ಬದಲಾಯಿಸಬೇಕೆಂದು ಹೇಳುವವನು ನಾನೇ. ಆದ್ದರಿಂದ ಈ ಭಾನುವಾರ ಹಾಗೆಯೇ ಮಾಡಿದೆ. ಒಂದೇ ಹಿತ್ತಾಳೆ ಸರಳಿನಿಂದ ಎಂಟು ತುಂಡು ತೆಗೆದುಕೊಂಡೆ: ನಾಲ್ಕು 16.00 ಮಿ.ಮೀ., ನಾಲ್ಕು 15.81 ಮಿ.ಮೀ. ಎಲ್ಲಕ್ಕೂ ಸೆಂಟರಿನ ಆಸರೆ, ನಿಮಿಷಕ್ಕೆ 100 ಸುತ್ತು, ಕೆಳಗಿನ ಗೇರ್, ತುದಿಯಲ್ಲಿ ಅರ್ಧ ಚಕ್ರದ ಆರಂಭ. ಪ್ರತಿ ಗುಂಪಿನಲ್ಲಿ ಎರಡಕ್ಕೆ ಡಯಲ್ ಮೇಲೆ 0.1 ಮಿ.ಮೀ. ಮಾತ್ರ ಒತ್ತಿ ಆರಂಭಿಸಿದೆ, ಎರಡಕ್ಕೆ 0.4 ಮಿ.ಮೀ. ಒತ್ತಿ ಆರಂಭಿಸಿದೆ.

16.00ರ ಎರಡು ತುಂಡುಗಳಲ್ಲಿ ಹಗುರ ಒತ್ತಡಕ್ಕೆ ಮತ್ತೆ ಜೋಡುಗೆರೆಯೇ ಬಿತ್ತು. ಗಟ್ಟಿ ಒತ್ತಡಕ್ಕೆ ಒಂದು ಚೊಕ್ಕವಾಗಿ ಬಂತು, ಇನ್ನೊಂದು ಕೆಟ್ಟಿತು. ಎರಡರಲ್ಲೂ ಮೋಟರ್ ನರಳಿತು, ಎರಡನೆಯದರಲ್ಲಿ ನಿಂತೇಹೋಗುವುದೋ ಎಂದು ಹೆದರಿದೆ. 15.81ರ ನಾಲ್ಕೂ ತುಂಡುಗಳು ಹಗುರ ಒತ್ತಡಕ್ಕೂ ಗಟ್ಟಿ ಒತ್ತಡಕ್ಕೂ ಚೊಕ್ಕವಾಗಿ ಬಂದವು. ಕಾಗದ ಸುತ್ತಿ ಎಣಿಸಿದೆ, 43 ಗೆರೆಗಳು. ಟರ್ನರ್ ಅವರ ಮಾತು ಆ ಒಂದು ತುಂಡಿನಲ್ಲಿ ನಿಜವಾಯಿತು, ವಿದ್ಯಾರ್ಥಿನಿಯವರ ಮಾತು ನಾಲ್ಕರಲ್ಲಿ ನಿಜವಾಯಿತು ಎಂದು ನನ್ನ ವಹಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಉಳಿದಿರುವ ಒಂದು ದೋಷವೆಂದರೆ, ಚೊಕ್ಕವಾಗಿ ಬಂದ ತುಂಡುಗಳ ಮೇಲೂ ಅಲ್ಲಲ್ಲಿ ತೆಳುವಾದ ಸಿಪ್ಪೆ ಏಳುತ್ತಿದೆ, ಮನೆಗಳ ಒಳಗೆ ಹಿತ್ತಾಳೆಯ ಪುಡಿ ಅಂಟಿಕೊಂಡಿದೆ.

ಗೋಕುಲ ರಸ್ತೆ ಟರ್ನರ್, ಹುಬ್ಬಳ್ಳಿ

ಮಾಸ್ತರರೇ, ಎಂಟು ತುಂಡು ಮಾಡಿ ನೋಡಿದ ನಿಮ್ಮ ಶ್ರದ್ಧೆಗೆ ನಮಸ್ಕಾರ. ಚಿಕ್ಕ ಯಂತ್ರಕ್ಕೆ ತಂಗಿಯ ಲೆಕ್ಕ ಬೇಕೇ ಬೇಕು ಎಂದು ನಾನು ಒಪ್ಪುತ್ತೇನೆ. ಇನ್ನು ಸಿಪ್ಪೆಯ ವಿಷಯ, ಅದು ನನ್ನ ಕೈಯಲ್ಲಿರುವುದು.

ಎಷ್ಟು ಸಲ ಚಕ್ರವನ್ನು ಹೋಗಿ ಬರುವಂತೆ ಓಡಿಸಿದಿರಿ? ಮೂರು ನಾಲ್ಕು ಸಲ ಎಂದಿದ್ದರೆ ಕಾರಣ ಅದೇ. ಒತ್ತಿದ ಲೋಹ ಪ್ರತಿ ಸುತ್ತಿಗೂ ಗಡುಸಾಗುತ್ತದೆ, ಗಡುಸಾದ ಮೇಲೆ ಹರಿಯುವ ಬದಲು ಒಡೆದು ಏಳುತ್ತದೆ. ಸುಲಭವಾಗಿ ಕತ್ತರಿಸಲೆಂದು ಸೀಸ ಬೆರೆಸಿದ ಹಿತ್ತಾಳೆಗೆ ಈ ಸ್ವಭಾವ ಇನ್ನೂ ಹೆಚ್ಚು. ಒಮ್ಮೆ ಹೋಗಿ, ಒತ್ತಡ ಬಿಡದೆ ತುಸು ಹೆಚ್ಚಿಸಿ ಒಮ್ಮೆ ಮರಳಿ ಬಂದರೆ ಸಾಕು. ಮೂರನೆಯ ಸಲ ಬೇಡ. ಫೀಡನ್ನು ಸುತ್ತಿಗೆ 0.2 ಮಿ.ಮೀ. ಇಡಿ, ನಡುವೆ ಎಲ್ಲಿಯೂ ಫೀಡ್ ನಿಲ್ಲಿಸಿ ಜಾಬನ್ನು ಸುಮ್ಮನೆ ತಿರುಗಲು ಬಿಡಬೇಡಿ, ನಿಂತಲ್ಲಿ ಒಂದು ಉಂಗುರದ ಗುರುತು ಬೀಳುತ್ತದೆ. ಮೊನೆಗಳು ಸೂಜಿಯಂತೆ ಚೂಪಾಗುವವರೆಗೆ ಒತ್ತುವ ಆಸೆಯನ್ನೂ ಬಿಡಿ. ನೆತ್ತಿಯ ಮೇಲೆ ಕೂದಲೆಳೆಯಷ್ಟು ಚಪ್ಪಟೆ ಉಳಿದಾಗ ನಿಲ್ಲಿಸಿದರೆ ಬೆರಳಿಗೂ ಹಿತ, ಸಿಪ್ಪೆಯೂ ಏಳುವುದಿಲ್ಲ.

ಎಣ್ಣೆಯನ್ನು ಧಾರಾಳವಾಗಿ ಬಿಡಿ. ಇಲ್ಲಿ ಎಣ್ಣೆಯ ದೊಡ್ಡ ಕೆಲಸ ಪುಡಿಯನ್ನು ತೊಳೆದುಕೊಂಡು ಹೋಗುವುದು. ಒಂದು ಸುತ್ತಿನಲ್ಲಿ ಎದ್ದ ಪುಡಿಯನ್ನು ಮುಂದಿನ ಸುತ್ತಿನಲ್ಲಿ ಚಕ್ರ ಮತ್ತೆ ಮನೆಯೊಳಗೆ ಒತ್ತಿಬಿಟ್ಟರೆ ಏನು ಮಾಡಿದರೂ ಹೊರಡುವುದಿಲ್ಲ. ಅಲ್ಯುಮಿನಿಯಂ ಆದರೆ ಸೀಮೆಎಣ್ಣೆ ಒಳ್ಳೆಯದು. ಚಕ್ರದ ಪಿನ್ನಿಗೂ ಪ್ರತಿ ಸಲ ಒಂದು ಹನಿ ಹಾಕಿ, ಪಿನ್ ಸವೆದು ಚಕ್ರ ಅಲುಗಾಡುತ್ತಿದ್ದರೆ ಹೊಸ ಪಿನ್ ಹಾಕಿಸಿ. ಜಾಬ್ ತಿರುಗುತ್ತಿರುವಾಗ ಬಟ್ಟೆಯ ಚಿಂದಿಯಿಂದ ಒರೆಸಲು ಎಂದಿಗೂ ಹೋಗಬೇಡಿ. ನರ್ಲಿಂಗಿನ ಮೊನೆಗಳು ಬಟ್ಟೆಯನ್ನು ಹಿಡಿದು ಕೈಯನ್ನೂ ಎಳೆದುಕೊಳ್ಳುತ್ತವೆ. ನನ್ನ ಜೊತೆಗೆ ಕೆಲಸ ಮಾಡಿದ ಒಬ್ಬರ ಎರಡು ಬೆರಳು ಹಾಗೆ ಹೋದವು. ಯಂತ್ರ ನಿಲ್ಲಿಸಿ, ಆಮೇಲೆ ಹಿತ್ತಾಳೆ ತಂತಿಯ ಬ್ರಷ್ ಹಿಡಿಯಿರಿ.

ಬೆಟಗೇರಿ ಹವ್ಯಾಸಿ, ಗದಗ

ಸ್ಟೇನ್‌ಲೆಸ್ ಮೇಲೆ ಕೆಲಸ ಮಾಡುವವರಿಗೆ ಟರ್ನರ್ ಅವರ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ, 304 ದರ್ಜೆಯ ಉಕ್ಕು ಒತ್ತಿದಷ್ಟೂ ಬೇಗ ಗಡುಸಾಗುತ್ತದೆ. ಅದಕ್ಕೆ ಲೋಹವನ್ನು ಒತ್ತುವ ಬದಲು ಕತ್ತರಿಸುವ ನರ್ಲಿಂಗ್ ಟೂಲ್ ಇದೆ, ಅದರ ಚಕ್ರಗಳು ಓರೆಯಾಗಿ ಕೂತು ಅಂಚಿನಿಂದ ಕೊರೆಯುತ್ತವೆ. ಒತ್ತಡ ಕಡಿಮೆ, ವ್ಯಾಸವೂ ಅಷ್ಟಾಗಿ ಬೆಳೆಯುವುದಿಲ್ಲ. ಬೆಲೆ ಮಾತ್ರ ಹವ್ಯಾಸಿಗಳ ಕೈಗೆ ಎಟುಕುವಂಥದಲ್ಲ. ನಾನಿನ್ನೂ ಕೊಂಡಿಲ್ಲ.

ಹಾನಗಲ್ ಭೌತಶಾಸ್ತ್ರ ಉಪನ್ಯಾಸಕ

ಮೂರು ತಿರುಪುಗಳೂ ಮುಗಿದವು. ರಾಣೆಬೆನ್ನೂರಿನ ಫಿಟ್ಟರ್ ಅವರು ಹೇಳಿದಂತೆ 15.45ಕ್ಕೆ ತಿರುಗಿಸಿ, ಮೊದಲು ನರ್ಲಿಂಗ್ ಮುಗಿಸಿ, ಆಮೇಲೆ ದಂಡ ಇಳಿಸಿ ಮರೆ ಹಾಕಿದೆ. ಹೋಗಿ ಒಮ್ಮೆ, ಬಂದು ಒಮ್ಮೆ, ಅಷ್ಟೇ. ತಲೆಯ ವ್ಯಾಸ ಮೂರರಲ್ಲೂ 16.04ರಿಂದ 16.06ರ ಒಳಗೆ ಬಂದಿದೆ, ನೆತ್ತಿಯಲ್ಲಿ ತುಸು ಚಪ್ಪಟೆ ಉಳಿಸಿದ್ದರಿಂದ ಮಾನಕದ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ. ಸಿಪ್ಪೆ ಎಲ್ಲಿಯೂ ಇಲ್ಲ. ನಿನ್ನೆ ಮೈಕ್ರೋಸ್ಕೋಪಿಗೆ ಕೂಡ್ರಿಸಿದೆ. ದ್ವಿತೀಯ ಪಿಯುಸಿಯ ಹುಡುಗಿಯೊಬ್ಬಳು ಗುಳ್ಳೆಮಟ್ಟವನ್ನು ನಡುವಿಗೆ ತಂದು, ತಿರುಪು ಈಗ ಜಾರುವುದಿಲ್ಲ ಸರ್ ಎಂದಳು.

ಮುಂದೆ ಸ್ಕ್ರೂಗೇಜುಗಳ ಹಿಡಿಕೆಗೆ ನೇರ ಗೆರೆಯ ಚಕ್ರ ತರಿಸಬೇಕೆಂದಿದ್ದೇನೆ. ಅದರ ವ್ಯಾಸ ಮತ್ತು ಹಲ್ಲುಗಳ ಎಣಿಕೆಯನ್ನು ಚಕ್ರ ಕೈಗೆ ಬಂದ ದಿನವೇ ಇಲ್ಲಿ ಬರೆಯುತ್ತೇನೆ.

ಧಾರವಾಡ ಡಿಪ್ಲೊಮಾ ವಿದ್ಯಾರ್ಥಿನಿ

ಸರ್, ಪೆಟ್ಟಿಗೆಯ ಮೇಲೆ ಬರೆದ ಪಿಚ್ಚನ್ನು ನಂಬಿ ಲೆಕ್ಕ ಹಾಕಬೇಡಿ, ಚಕ್ರವನ್ನೇ ಅಳೆಯಿರಿ. ಚಕ್ರದ ವ್ಯಾಸದಲ್ಲಿ 0.1 ಮಿ.ಮೀ. ತಪ್ಪಿದರೂ 43 ಹಲ್ಲಿನ ಜಾಬಿನಲ್ಲಿ ಸುಮಾರು 0.08 ಮಿ.ಮೀ. ತಪ್ಪಾಗುತ್ತದೆ, ಅದು ಒಂದು ಹಲ್ಲಿನ ಪಾಲಿನ ಐದನೆಯ ಒಂದು ಭಾಗಕ್ಕಿಂತ ಹೆಚ್ಚು.